ಮೇಷ್ಟ್ರ ಪಡಿ

ಚನ್ನರಾಯಪ್ಪ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು, ತಾನೂ ನಕ್ಕು ಅಲ್ಲಿಗೆ ಮುಗಿಸಿಬಿಡಬಹುದಿತ್ತು ಎಂದು ಉಮಾಶಂಕರನಿಗೆ ಟೇಕಲ್ ರಸ್ತೆಯಲ್ಲಿ ಕಾರು ಓಡಿಸುತ್ತಾ ಮತ್ತೊಮ್ಮೆ ಅನ್ನಿಸಿತು. ಒಂದು ವಾರದಿಂದ ಅದನ್ನೇ ಅಗಿಯುತ್ತಿದ್ದ. ಉಗುಳಲೂ ಆಗದು, ನುಂಗಲೂ ಆಗದು. ಹೋದ ಭಾನುವಾರ ಊರ ಶಾಲೆಯ ಜಗಲಿಯ ಮೇಲೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ಗುರುವಂದನೆ ಮಾಡಬೇಕು, ಗಂಗುಲಪ್ಪ ಮೇಷ್ಟ್ರನ್ನು ಕರೆಸಬೇಕು, ಶಾಲು ಯಾರು ತರುವುದು, ಪೇಟ ಯಾರು ತೊಡಿಸುವುದು ಎಂದು ಮಾತಾಡುತ್ತಾ ಮಾತಾಡುತ್ತಾ ಎಲ್ಲರಿಗೂ ಬಾಲ್ಯ ಉಕ್ಕಿಬಂದಿತ್ತು. ಮೇಷ್ಟ್ರು ತೊಂಡೆಸೊಪ್ಪನ್ನೂ ಇದ್ದಿಲನ್ನೂ ಅರೆದು ಬೋರ್ಡಿಗೆ ಬಳಿಸುತ್ತಿದ್ದದ್ದು, ತೆಲುಗು ಬಿಟ್ಟು ಬೇರೆ ಬಾರದ ಮಕ್ಕಳಿಗೆ ಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋಗಿ ಕೊಕ್ಕರೆ, ಜೊಂಡು, ಮುಳ್ಳುಗಳ್ಳಿ ಎಂದು ಬೆಟ್ಟು ಮಾಡಿ ತೋರಿಸಿ ಕನ್ನಡ ಕಲಿಸಿದ್ದು, ಒಬ್ಬೊಬ್ಬರೂ ಒಂದೊಂದು ಹೇಳಿದರು. ಉಮಾಶಂಕರ ಕೋಲಾರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು, ನಾಲ್ಕು ಜನ ಕೂತ ಕಡೆ ಎದ್ದು ನಿಲ್ಲದೆ ಮಾತಾಡಲು ಬರುವುದಿಲ್ಲ. ಎದ್ದು ನಿಂತು ಹೇಳಿದ್ದ: "ನಮ್ಮನೇಲಿ ಮೇಷ್ಟ್ರಿಗೆ ಎಂಥಾ ಗೌರವ ಅಂತೀರಾ! ಜೋಯಿಸರಿಗೆ ಕೊಟ್ಟಂಗೆ ಮೊರದ ತುಂಬಾ ಪಡಿ. ರಾಗಿಹಿಟ್ಟು, ಬೇಳೆ, ಹುಣಸೇಹಣ್ಣು, ಬೆಲ್ಲ. ನಾನೇ ತಲೆ ಮೇಲೆ ಹೊತ್ಕೊಂಡು ಹೋಗಿ ಕೊಟ್ಟು ಬರ್ತಿದ್ದೆ." ಯಾರೋ ಇಬ್ಬರು ಚಪ್ಪಾಳೆ ತಟ್ಟಿದರು. ಕಾಲೋನಿಯ ಚನ್ನರಾಯಪ್ಪ, ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ಕೋಲಾರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವವನು, ಕಡಲೆಕಾಯಿ ಸುಲಿಯುತ್ತಾ ತಲೆಯೆತ್ತದೆ ಹೇಳಿದ: "ಮೇಷ್ಟ್ರು ನಮ್ಮ ಜನ ಕಣೋ ಶಂಕ್ರ. ಅದಕ್ಕೇ ಪಡಿ." ಅಷ್ಟೇ ಹೇಳಿ ಶಾಮಿಯಾನದವನ ಹತ್ತಿರ ಮಾತಾಡಲು ಎದ್ದುಹೋದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಉಮಾಶಂಕರ ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ತನ್ನ ಬಾಲ್ಯವನ್ನೆಲ್ಲ ಮುಟ್ಟಿ ಮುಟ್ಟಿ ನೋಡಿಕೊಂಡಿದ್ದ. ಹಬ್ಬ ಹುಣ್ಣಿಮೆಗೆ ಪಂಚಾಂಗ ಹೇಳಲು ಬರುತ್ತಿದ್ದ ಜೋಯಿಸರಿಗೂ ಮನೆಯಲ್ಲಿ ಬೇಯಿಸಿದ್ದನ್ನು ಕೊಡುತ್ತಿರಲಿಲ್ಲ, ಹಸಿ ದಿನಸಿಯನ್ನೇ ಪಡಿ ಎಂದು ಕೊಡುತ್ತಿದ್ದರು. ಯಾಕೆ ಎಂದು ಕೇಳಿದರೆ ಅಮ್ಮ ಹೇಳುತ್ತಿದ್ದಳು, "ಅವರು ದೊಡ್ಡೋರು, ನಾವು ಮಾಡಿದ್ದು ತಿನ್ನಲ್ಲ." ಅದೇ ಮೊರ, ಅದೇ ಹಿಟ್ಟು, ಅದೇ ಬೆಲ್ಲದ ಚೂರು ಮೇಷ್ಟ್ರಿಗೂ ಹೋಗುತ್ತಿತ್ತು. ಮೇಷ್ಟ್ರು ಜೋಯಿಸರಷ್ಟೇ ದೊಡ್ಡವರಿರಬೇಕು, ನಮ್ಮ ಮನೆಯ ಮುದ್ದೆ ಅವರಿಗೆ ಸರಿಹೋಗುವುದಿಲ್ಲವೇನೋ ಎಂದು ಎಂಟು ವರ್ಷದ ಹುಡುಗ ತಿಳಿದುಕೊಂಡಿದ್ದರಲ್ಲಿ ತಪ್ಪಿಲ್ಲ. ತಮಗಿಂತ ಮೇಲಿನವನು ತಮ್ಮದನ್ನು ತಿನ್ನುವುದಿಲ್ಲವೆಂದು ಒಂದು ಪಡಿ, ತಮಗಿಂತ ಕೆಳಗಿನವನು ತಮ್ಮ ಪಂಕ್ತಿಯಲ್ಲಿ ಕೂರಬಾರದೆಂದು ಒಂದು ಪಡಿ, ಎರಡಕ್ಕೂ ಒಂದೇ ಮೊರ. ಆದರೆ ನಲವತ್ತಾರು ವರ್ಷದ ಗಂಡಸು? ವರ್ಷವರ್ಷವೂ ಹುಡುಗರಿಗೆ ಅಸ್ಪೃಶ್ಯತೆಯ ಪಾಠ ಮಾಡಿ, ಪ್ರಶ್ನೆಪತ್ರಿಕೆಯಲ್ಲಿ ಅದನ್ನೇ ಐದು ಅಂಕಕ್ಕೆ ಕೇಳುವವನು? ಮೇಷ್ಟ್ರು ದಲಿತರೆಂದು ಗೊತ್ತಿರಲಿಲ್ಲ ಎಂದರೆ ಸುಳ್ಳು. ಆ ಮೊರಕ್ಕೂ ಅದಕ್ಕೂ ಗಂಟು ಹಾಕಿ ನೋಡಿದ್ದೆ ಎಂದರೂ ಸುಳ್ಳು. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು, ನಡುವಿನ ಬಾಗಿಲು ತೆಗೆಯದೆ ಹಾಯಾಗಿ ಬದುಕಿದ್ದ. ಥೂ ಎನ್ನಿಸಿತು. ಕಾರಿನ ಗಾಜು ಮಂಜು ಹಿಡಿದಿತ್ತು, ಒರೆಸಿದ.

ಬೆಳಿಗ್ಗೆ ಹೊರಡುವಾಗ ಅಮ್ಮ ಮುನಿಶಾಮಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದಳು. ಮೇಷ್ಟ್ರನ್ನು ಮಧ್ಯಾಹ್ನ ಊಟಕ್ಕೆ ನೇರ ಮನೆಗೇ ಕರೆತರುತ್ತೇನೆ, ಊಟ ಆದಮೇಲೆ ಶಾಲೆಗೆ ಹೋಗುತ್ತೇವೆ ಎಂದು ಅವನು ಹೇಳಿದಾಗ ಅವಳ ಬೆರಳು ನಿಲ್ಲಲಿಲ್ಲ. "ಶಾಲೆ ಹತ್ರ ಎಲ್ಲಾರ್ಗೂ ಊಟ ಹಾಕಿಸ್ತಾ ಇದೀರಲ್ಲಾ, ಮನೇಗ್ಯಾಕೆ?" ಎಂದಳು. "ಮನೇಗೇ ಬರ್ತಾರೆ. ಒಳಗೆ ಕೂತು ಉಣ್ತಾರೆ. ನೀನು ಬಡಿಸ್ಬೇಕು." ಅವರೆಬೇಳೆ ಪುಳಕ್ ಪುಳಕ್ ಎಂದು ಪಾತ್ರೆಗೆ ಬೀಳುತ್ತಿತ್ತು. "ಏಮಿರಾ ಇದು ಹೊಸದು?" ಎಂದಳು, ಕಾಳಿನ ಪಾತ್ರೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಹೆಂಡತಿ ಪದ್ಮಶ್ರೀ ಕಾರಿನವರೆಗೂ ಬಂದು, "ಗುರುವಂದನೆ ನಿಮ್ದು, ಪರೀಕ್ಷೆ ಅತ್ತೆಗಾ? ಆ ವಯಸ್ಸಿನೋರ್ನ ಯಾಕ್ರೀ ಕುಣಿಸ್ತೀರಾ?" ಎಂದಿದ್ದಳು. ಅವಳ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅದು ಅವನಿಗೂ ಗೊತ್ತಿತ್ತು. ಆದರೆ ಇನ್ನರ್ಧವನ್ನು ಹಿಡಿದುಕೊಂಡೇ ಅವನು ಹೊರಟಿದ್ದ. ಇವತ್ತು ಮೇಷ್ಟ್ರು ನಮ್ಮ ಮನೆಯ ಒಳಗೆ, ಅಮ್ಮನ ಕೈಯಿಂದ ಉಣ್ಣಬೇಕು. ಇದಾಗದಿದ್ದರೆ ಸಾಯಂಕಾಲ ಅವರ ಹೆಗಲಿಗೆ ಶಾಲು ಹೊದಿಸುವ ಯೋಗ್ಯತೆ ತನಗಿಲ್ಲ. ಇಷ್ಟು ಮಾತ್ರ ಸ್ಪಷ್ಟವಿತ್ತು.

ಟೇಕಲ್ಲಿನಲ್ಲಿ ಬೆಟ್ಟದ ಬುಡದ ಮನೆಯ ಮುಂದೆ ಮೇಷ್ಟ್ರು ಬಿಳಿ ಶರಟು, ಬಿಳಿ ಪಂಚೆ ತೊಟ್ಟು, ಕುರ್ಚಿ ಹಾಕಿಕೊಂಡು ಆಗಲೇ ಕೂತಿದ್ದರು. ಶರಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದರು, ತೋಳಿನ ಮಡಿಕೆ ಚಾಕುವಿನಂತೆ ನಿಂತಿತ್ತು. ಎಪ್ಪತ್ತರ ಹತ್ತಿರ ಬಂದರೂ ಬೆನ್ನು ಬಾಗಿಲ್ಲ. ಉಮಾಶಂಕರ ಕಾಲಿಗೆ ನಮಸ್ಕರಿಸಿ ಹೆಸರು ಹೇಳಿದ. ಎಷ್ಟು ವರ್ಷದಿಂದ ಈ ಗಳಿಗೆಯನ್ನು ನೆನೆಸಿಕೊಂಡಿದ್ದ! ಮಗ್ಗಿ ಹೇಳುವುದರಲ್ಲಿ ಮುಂದಿದ್ದ ಶಂಕರನಾ, ಏರಿಯ ಮೇಲೆ ನನ್ನ ಬೆರಳು ಹಿಡಿದು ನಡೆಯುತ್ತಿದ್ದವನಾ ಎಂದು ಕೇಳುತ್ತಾರೆ ಎಂದುಕೊಂಡಿದ್ದ. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿ, "ಯಾವ ಉಮಾಶಂಕರ? ಪಡಿ ತರ್ತಿದ್ದವನಾ?" ಎಂದರು. "ಹ್ಞೂ ಸಾರ್" ಎಂದ. ಮೇಷ್ಟ್ರಿಗೆ ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ, ಸಂತೋಷದಿಂದಲೇ ಕಾರು ಹತ್ತಿ ಕೂತರು, "ಇದರ ಬೆಲ್ಟ್ ಹಾಕ್ಕೊಡಪ್ಪಾ, ನಂಗೆ ಬರಲ್ಲ" ಎಂದರು.

ಅವರೇ ಮಾತಾಡಿಕೊಂಡು ಬಂದರು. ಯಾರ್‍ಯಾರು ಎಲ್ಲೆಲ್ಲಿದ್ದಾರೆ, ಮುಳಬಾಗಿಲಿಗೆ ಮದುವೆಯಾಗಿ ಹೋದ ತ್ರಿವೇಣಿ ಬರುತ್ತಾಳಾ, ಶಾಲೆಯಲ್ಲಿ ಈಗ ಎಷ್ಟು ಮಕ್ಕಳು, ಬೇವಿನ ಮರ ಇದೆಯಾ ಕಡಿದರಾ. ಉಮಾಶಂಕರ ಹ್ಞೂಗುಟ್ಟುತ್ತಿದ್ದ. ಅವನ ಕಣ್ಣ ಮುಂದೆ ಇದ್ದದ್ದು ರಸ್ತೆಯಲ್ಲ, ಶಾಲೆಯ ಪಕ್ಕದಲ್ಲಿ ಮೇಷ್ಟ್ರು ಆಗ ವಾಸವಿದ್ದ ಕೋಣೆ. ಹಂಚಿನ ಸಂದಿಯಿಂದ ಬೀಳುವ ಬಿಸಿಲ ಕೋಲಿನಲ್ಲಿ ಹೊಗೆ ಸುತ್ತುತ್ತಿತ್ತು, ಮೂರು ಕಲ್ಲಿನ ಒಲೆ, ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಎರಡು ಪಾದಗಳಲ್ಲಿ ಮಡಕೆ ಅದುಮಿ ಹಿಡಿದು ಕೋಲಿನಲ್ಲಿ ಹಿಟ್ಟು ತಿರುವುತ್ತಿದ್ದರು. ಪಡಿ ಕೊಟ್ಟು ಹೊರಡಬೇಕಾದ ಹುಡುಗ ಹೊರಡುತ್ತಿರಲಿಲ್ಲ, ಬಾಗಿಲಿಗೆ ಒರಗಿ ನಿಂತಿರುತ್ತಿದ್ದ. "ಬಾರೋ, ಕೂತ್ಕೋ" ಎನ್ನುತ್ತಿದ್ದರು. ಅಂಗೈಯಲ್ಲಿ ನೀರು ಹಚ್ಚಿಕೊಂಡು ಪುಟ್ಟ ಮುದ್ದೆ ಕಟ್ಟಿ, ಬೆಳ್ಳುಳ್ಳಿ ಜಜ್ಜಿ ಹಾಕಿದ ಹುಣಸೆ ಸಾರಿನಲ್ಲಿ ಅದ್ದಿ ಕೊಡುತ್ತಿದ್ದರು. ಆ ರುಚಿಯನ್ನು ಮುಂದೆ ಯಾವ ಮನೆಯಲ್ಲೂ, ಯಾವ ಹೋಟೆಲಿನಲ್ಲೂ ಅವನು ಕಂಡಿಲ್ಲ. ಉಂಡಾದ ಮೇಲೆ ಚೊಂಬಿನ ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ಮತ್ತೊಮ್ಮೆ ಮುಕ್ಕಳಿಸಿಸಿ, ಗಲ್ಲ ಹಿಡಿದು ತಮ್ಮ ಹೆಗಲಿನ ಟವಲಿನಿಂದ ತುಟಿ ಒರೆಸಿ, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ ಕಳಿಸುತ್ತಿದ್ದರು. ಜೀವಮಾನದಲ್ಲಿ ಯಾರೂ ತನ್ನನ್ನು ಅಷ್ಟು ಅಕ್ಕರೆಯಿಂದ ನೋಡಿಕೊಂಡದ್ದಿಲ್ಲ ಎಂದು ಉಮಾಶಂಕರ ನಂಬಿದ್ದ. ಮಗಳು ಹುಟ್ಟಿದಾಗ ಅವಳ ಬಾಯಿ ಒರೆಸುತ್ತಾ ಅದನ್ನೇ ನೆನೆಸಿಕೊಂಡಿದ್ದ. ಈಗ, ಕೋಲಾರದ ಬೈಪಾಸ್ ಬಳಿ, ತಡೆಯಲಾರದೆ ಹೇಳಿಬಿಟ್ಟ: "ನನ್ನ ಬಾಯಿ ತೊಳೆಸಿ, ನಿಮ್ಮ ಟವಲ್‌ನಾಗೇ ಒರೆಸಿ ಕಳಿಸ್ತಿದ್ರಲ್ಲಾ ಸಾರ್. ನಮ್ಮಮ್ಮನೂ ಅಷ್ಟು ಮಾಡ್ತಿರ್ಲಿಲ್ಲ."

ಮೇಷ್ಟ್ರು ಕಿಟಕಿಯ ಆಚೆ ನೋಡುತ್ತಿದ್ದರು. "ಭಯ ಕಣಪ್ಪಾ" ಎಂದರು.

"ಏನ್ ಭಯ ಸಾರ್?"

"ನಿನ್ ಬಾಯಲ್ಲಿ ಬೆಳ್ಳುಳ್ಳಿ ವಾಸ್ನೆ ಬಂದ್ರೆ ನಿಮ್ಮಪ್ಪ ಕೇಳಲ್ವಾ, ಎಲ್ಲಿ ಉಂಡ್ಯೋ ಅಂತ? ಒಂದು ಚೂರು ಮುದ್ದೆ ಗಲ್ಲಕ್ಕೆ ಅಂಟಿದ್ರೂ ನನ್ನ ಕತೆ ಮುಗೀತಿತ್ತು. ಹೊಸ ಕೆಲಸ, ಮನೇಲಿ ಮದುವೆಗೆ ಬಂದಿರೋ ತಂಗೀರು. ನೀನು ಅತ್ಲಾಗೆ ಹೋದ್ಮೇಲೆ ಸಾಯಂಕಾಲದ ತನಕ ಎದೆ ಡವಗುಟ್ಟೋದು, ಯಾರು ದೊಣ್ಣೆ ತಕ್ಕೊಂಡು ಬರ್ತಾರೋ ಅಂತ."

ಗಾಡಿಗಳು ಹಾರನ್ ಹೊಡೆಯುತ್ತಾ ಪಕ್ಕದಲ್ಲಿ ಹೋದವು. ಉಮಾಶಂಕರ ಕಾರನ್ನು ಎಡಕ್ಕೆ ತಂದು ನಿಧಾನ ಮಾಡಿದ. ಅವನ ಬಳಿ ಇದ್ದ ಒಂದೇ ಒಂದು ಬಂಗಾರದಂಥ ನೆನಪು, ಅದರ ಹಿಂದೆ ಒಬ್ಬ ಮನುಷ್ಯ ನಡುಗುತ್ತಾ ನಿಂತಿದ್ದ. ಮುಖವನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದದ್ದು ಮುದ್ದೆಯ ಚೂರು ಹುಡುಕುವುದಕ್ಕೆ. ಅಳು ಬಂತು, ನಾಚಿಕೆಯೂ ಆಯಿತು, ಈ ವಯಸ್ಸಿನಲ್ಲಿ ಕೂಡ ತನ್ನ ನೆನಪು ಹೋಯಿತಲ್ಲ ಎಂದು ಅಳುತ್ತಿದ್ದೇನೆಯೇ ಹೊರತು ಅವರ ನಡುಕಕ್ಕಲ್ಲ ಎಂದು. "ಅಷ್ಟು ಭಯ ಇದ್ಮೇಲೆ ಯಾಕೆ ಸಾರ್ ಉಣ್ಣಿಸ್ತಿದ್ರಿ?" ಎಂದು ಕೇಳಿದ.

"ನೀನು ಹೋಗ್ತಾನೇ ಇರ್ಲಿಲ್ವಲ್ಲೋ! ಬಾಗ್ಲಲ್ಲಿ ನಿಂತ್ಕೊಂಡು ಪಾತ್ರೆ ನೋಡ್ತಿದ್ದೆ. ಮಗು ನೋಡ್ತಾ ಇರೋವಾಗ ಒಬ್ಬನೇ ಉಣ್ಣೋದು ಹೆಂಗೆ?" ಮೇಷ್ಟ್ರು ನಕ್ಕರು. ಮುದುಕರ ನಗು, ಹಲ್ಲಿನ ಸೆಟ್ಟು ಸ್ವಲ್ಪ ಅಲುಗಿತು.

ಕ್ಯಾಲನೂರಿನ ದಾರಿಗೆ ತಿರುಗಿದ ಮೇಲೆ ಉಮಾಶಂಕರ ಊಟದ ಮಾತು ತೆಗೆದ. ಮೊದಲು ನಮ್ಮ ಮನೆ ಸಾರ್, ಊಟ ಮಾಡಿಕೊಂಡು ಶಾಲೆಗೆ ಎಂದ. ರಸ್ತೆಯ ಎರಡೂ ಕಡೆ ಟೊಮೊಟೊ ತೋಟದ ಕಡ್ಡಿಗಳು, ಕೊಯ್ಲಾದ ರಾಗಿ ಹೊಲ. "ನಿಮ್ಮ ತಾಯಿ ಕರೆದ್ರಾ, ನೀನು ಕರೀತಿದೀಯಾ?" ಎಂದು ಮೇಷ್ಟ್ರು ಕೇಳಿದರು. ಅಮ್ಮನೇ ಕರೆದಳು ಎಂಬ ಸುಳ್ಳು ನಾಲಗೆಯ ತುದಿಯವರೆಗೆ ಬಂತು. "ನಾನು ಸಾರ್" ಎಂದ.

"ಅಂದ್ರೆ ನಿನ್ನ ಸಮಾಧಾನಕ್ಕೆ ನಾನು ಉಣ್ಬೇಕು."

ಕೋಪವಿರಲಿಲ್ಲ. ಲೆಕ್ಕದ ಉತ್ತರ ಸರಿಯಿದೆಯೇ ಎಂದು ಕೇಳಿದಂತಿತ್ತು. ಉಮಾಶಂಕರನ ಕಿವಿ ಬಿಸಿಯಾಯಿತು. ಅಲ್ಲ ಸಾರ್ ಎನ್ನಲು ಹತ್ತು ಒಳ್ಳೆಯ ವಾಕ್ಯಗಳು ಅವನಲ್ಲಿದ್ದವು, ಎಲ್ಲವೂ ಕ್ಲಾಸಿನಲ್ಲಿ ಹೇಳಿ ಹೇಳಿ ಸವೆದಿದ್ದವು. "ಹೌದು ಸಾರ್, ಅದೂ ಐತೆ. ಆದ್ರೂ ನೀವು ಬರ್ಬೇಕು. ನೀವು ಬರ್ದೇ ಇದ್ರೆ ನಮ್ಮನೇಲಿ ಇನ್ನೂ ಒಂದು ತಲೆಮಾರು ಹಿಂಗೇ ನಡೀತದೆ. ನನ್ನ ಮಗಳು ಮೇಘನ ಅದನ್ನೇ ನೋಡ್ಕೊಂಡು ಬೆಳೀತಾಳೆ" ಎಂದ. ಮೇಷ್ಟ್ರು ಶರಟಿನ ತೋಳಿನ ಮಡಿಕೆಯನ್ನು ಬೆರಳಿನಿಂದ ಎಳೆದು ಸರಿಮಾಡಿಕೊಂಡರು. "ಸರಿ ನಡಿ. ನಂಗೂ ಹಸಿವಾಗೈತೆ" ಎಂದರು.

ಮನೆಯ ಮುಂದೆ ಇಳಿದ ಮೇಷ್ಟ್ರು ಮೆಟ್ಟಿಲು ಹತ್ತಿ ಜಗಲಿಯ ಮೇಲೆ, ಕಂಬದ ಪಕ್ಕ, ಯಾರೂ ಹೇಳದೆಯೇ ಕೂತುಬಿಟ್ಟರು. ಕೂತ ಮೇಲೆ ಅವರಿಗೇ ಅದು ಗೊತ್ತಾಗಿ ಮುಜುಗರವಾಯಿತು. "ಒಳಗೆ ಬನ್ನಿ ಸಾರ್" ಎಂದು ಉಮಾಶಂಕರ ಕೈ ಚಾಚಿದ. ಅವರು ಕೈ ಹಿಡಿಯಲಿಲ್ಲ, ತಾವೇ ಎದ್ದು, ಚಪ್ಪಲಿಯನ್ನು ಜೋಡಿಸಿಟ್ಟು, ಹೊಸಿಲು ದಾಟಿದರು. ನಡುಮನೆಯಲ್ಲಿ ಎರಡು ಬಾಳೆಎಲೆ ಹಾಕಿತ್ತು. ಪದ್ಮಶ್ರೀ ನಮಸ್ಕಾರ ಮಾಡಿ ಕೈತೊಳೆಯಲು ನೀರು ಕೊಟ್ಟಳು, ಎಲೆಯ ಮೇಲೆ ಉಪ್ಪು, ಕೋಸಂಬರಿ ಬಡಿಸಿ ಮುದ್ದೆ ಇಟ್ಟಳು. ಅಮ್ಮ ಎಲ್ಲಿ ಎಂದು ಅವನು ಕಣ್ಣಿನಲ್ಲೇ ಕೇಳಿದ. ಪದ್ಮಶ್ರೀ ಅಡುಗೆಮನೆಯ ಕಡೆ ನೋಡಿ ತಲೆ ಅಲ್ಲಾಡಿಸಿದಳು. "ಅತ್ತೆಗೆ ಮಂಡಿ ನೋವಂತೆ" ಎಂದು ಮೆಲ್ಲಗೆ ಹೇಳಿದಳು. ಮೇಷ್ಟ್ರು ಮುದ್ದೆಯನ್ನು ನೋಡುತ್ತಾ ಕೂತಿದ್ದರು, ಮುಟ್ಟಿರಲಿಲ್ಲ.

ಉಮಾಶಂಕರ ಎಲೆಯ ಮುಂದಿನಿಂದ ಎದ್ದ. ಅಡುಗೆಮನೆಯಲ್ಲಿ ಅಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ಮಂಡಿ ನೋವಿನವರು ನಿಲ್ಲುವಂತೆ ನಿಂತಿರಲಿಲ್ಲ. ಅವರಿಬ್ಬರೂ ಮನೆಯ ಮಾತಾದ ತೆಲುಗಿನಲ್ಲೇ ಪಿಸುಗುಟ್ಟಿದರು, ನಡುಮನೆಯಲ್ಲಿ ಕೂತವರಿಗೆ ತಮ್ಮಿಬ್ಬರಿಗಿಂತ ಚೆನ್ನಾಗಿ ತೆಲುಗು ಬರುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿದ್ದರೂ.

"ಬಾ ಅಮ್ಮಾ. ಸಾರು ಹಾಕು."

"ಪದ್ಮ ಹಾಕ್ತಾಳೆ."

"ಪದ್ಮ ಅಲ್ಲ. ನೀನು."

"ಒಳಗೆ ಕೂರ್ಸಿದೀಯಾ, ಬೇಡ ಅಂದೆನಾ? ಬೆಳಿಗ್ಗೆಯಿಂದ ನಿಂತು ಸಾರು ಮಾಡಿದೀನಿ, ಮಾಡಲ್ಲ ಅಂದೆನಾ? ಇನ್ನೂ ಏನೋ ನಾಯನಾ ನಿಂದು?" ಅವಳ ಕಣ್ಣು ತುಂಬಿತ್ತು. "ನಿಮ್ಮಪ್ಪ ಹೋಗೋ ತನಕ ಇಂಗೆ ಇರು ಅಂದ್ರು, ಅಂಗೆ ಇದ್ದೆ. ಈಗ ನೀನು ಇನ್ನೊಂದು ಥರ ಇರು ಅಂತೀಯಾ. ಕೈ ಬರಲ್ಲ ಕಣೋ. ಬೇಕು ಅಂತ ಅಲ್ಲ, ಕೈಯೇ ಬರಲ್ಲ."

ಅವಳ ಮಾತು ನಿಜವೆಂದು ಅವನಿಗೆ ತಿಳಿಯಿತು. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದೇ ತಡ, ಹೋಗಲಿ ಬಿಡು ಎನ್ನುವ ಹಳೆಯ ಮೆತ್ತನೆಯ ದನಿ ಒಳಗಿನಿಂದ ಎದ್ದಿತು, ಪದ್ಮ ಬಡಿಸಿದರೆ ಏನು ಕಡಿಮೆ, ಒಳಗೆ ಕೂತದ್ದೇ ದೊಡ್ಡದಲ್ಲವೇ, ಒಂದೊಂದೇ ಹೆಜ್ಜೆ. ಆ ದನಿಯನ್ನು ಅವನು ಗುರುತು ಹಿಡಿದ. ನಡುವಿನ ಬಾಗಿಲನ್ನು ಇಷ್ಟು ವರ್ಷ ಮುಚ್ಚಿಟ್ಟದ್ದು ಇದೇ ದನಿ. "ಅಮ್ಮಾ, ನಾನು ಅವರ ಕೈಯಿಂದ ಉಂಡವನು" ಎಂದ. "ನೀನು ಪಡಿ ಕೊಟ್ಟು ಕಳಿಸ್ತಿದ್ಯಲ್ಲಾ, ಅದನ್ನ ಅವರು ಬೇಯ್ಸಿ ನಂಗೇ ಉಣ್ಣಿಸ್ತಿದ್ರು. ಮೂರನೇ ಕ್ಲಾಸು ಪೂರ್ತಿ. ಬಾಯಿ ತೊಳೆಸಿ ಕಳಿಸ್ತಿದ್ರು, ನಿಮ್ಗೆ ಗೊತ್ತಾಗ್ಬಾರ್ದು ಅಂತ. ಅವರು ಮೈಲಿಗೆ ಆದ್ರೆ ನಾನೂ ಮೈಲಿಗೇನೇ. ನಿನ್ನ ತಟ್ಟೇಲಿ ಉಂಡು, ನಿನ್ನ ದೇವರ ಮನೇಲಿ ದೀಪ ಹಚ್ಚಿ, ಅಪ್ಪನ ಚಿತೆಗೆ ಬೆಂಕಿ ಇಟ್ಟವನು ನಾನೇ. ಏನ್ ಮಾಡ್ತೀಯಾ, ಹೇಳು. ನನ್ನನ್ನೂ ಜಗಲೀಲಿ ಕೂರಿಸ್ತೀಯಾ?"

ಮುನಿಶಾಮಮ್ಮ ಮಗನ ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು, ಇಷ್ಟು ವರ್ಷ ಸಾಕಿದ ಮುಖದಲ್ಲಿ ಬೇರೆ ಯಾರದೋ ಗುರುತು ಇದೆಯೇನೋ ಎಂಬಂತೆ. "ದೇವುಡಾ" ಎಂದಳು, ಅಷ್ಟೇ. ನಡುಮನೆಯಲ್ಲಿ ಮೇಷ್ಟ್ರು ಒಂದು ಸಲ ಕೆಮ್ಮಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದೆತ್ತಿ, ಅವನನ್ನು ದಾಟಿಕೊಂಡು ಹೊರಗೆ ನಡೆದಳು.

ಉಮಾಶಂಕರ ಹಿಂದೆಯೇ ಬಂದು ಮೇಷ್ಟ್ರ ಪಕ್ಕದ ಎಲೆಗೆ ಕೂತ. ಅಮ್ಮ ಮೇಷ್ಟ್ರ ಎಲೆಯ ಮುಂದೆ ನಿಂತಿದ್ದಳು, ಬಾಗಲಿಲ್ಲ. ಮೇಷ್ಟ್ರು ಮುದ್ದೆಯ ನಡುವೆ ಬೆರಳಿನಿಂದ ಗುಂಡಿ ಮಾಡಿಕೊಂಡರು. ಅವಳು ಸೌಟಿನ ತುಂಬ ಹಿದುಕಿದವರೆ ಸಾರು ತುಂಬಿ, ನಿಂತ ಎತ್ತರದಿಂದಲೇ ಬಿಟ್ಟಳು. ಅವಳಿಗೆ ಬೇಕೆಂದು ಅಲ್ಲ, ಕೈಗೆ ಗೊತ್ತಿದ್ದ ಎತ್ತರವೇ ಅದು, ಹೊಲದಲ್ಲಿ ಆಳುಗಳ ಬೊಗಸೆಗೆ ನೀರು ಬಿಡುತ್ತಿದ್ದ ಎತ್ತರ. ಸಾರು ಎಲೆಗೆ ಬಿದ್ದು ಚಿಮ್ಮಿ ಮೇಷ್ಟ್ರ ಗಂಜಿ ಹಾಕಿದ ಶರಟಿನ ಎದೆಯ ಮೇಲೆಲ್ಲ ಹಾರಿತು. ಹಳದಿ ಹನಿಗಳು ಬಿಳಿಯ ಮೇಲೆ ಹರಡಿದವು. ಪದ್ಮಶ್ರೀ "ಅಯ್ಯೋ" ಎಂದಳು. ಸಾಯಂಕಾಲ ಇಡೀ ಊರಿನ ಮುಂದೆ ಶಾಲು ಹೊದೆಯಬೇಕಾದ ಶರಟು. ಉಮಾಶಂಕರನ ರಕ್ತವೆಲ್ಲ ತಲೆಗೇರಿತು, ಎಲೆಯ ಮುಂದಿನಿಂದ ಅರ್ಧ ಎದ್ದಿದ್ದ. ಸೌಟು ಕಿತ್ತುಕೊಳ್ಳುತ್ತಿದ್ದನೋ, ಅಮ್ಮನ ಮೇಲೆ ಕೂಗುತ್ತಿದ್ದನೋ ಅವನಿಗೇ ಗೊತ್ತಿಲ್ಲ.

ಮೇಷ್ಟ್ರು ಎಡಗೈಯಿಂದ ಅವನ ಮೊಣಕಾಲನ್ನು ಒತ್ತಿ ಕೂರಿಸಿದರು. ಶರಟಿನ ಕಡೆ ನೋಡಲಿಲ್ಲ. ತಲೆಯೆತ್ತಿ ಮುನಿಶಾಮಮ್ಮನನ್ನು ನೋಡಿದರು. ಹೊಸದಾಗಿ ಬಳಪ ಹಿಡಿದ ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ, ಅವಸರವಿಲ್ಲದೆ, ಸೋಲದೆ ಹೇಳಿದರು.

"ಕೈ ಇನ್ನೂ ಕೆಳಕ್ಕೆ ಬರ್ಲಿ ತಾಯಿ."

ಅವಳು ಮತ್ತೊಂದು ಸೌಟು ತುಂಬಿಕೊಂಡಳು, ಸೊಂಟ ಬಾಗಿಸಿದಳು.

"ಇನ್ನೂ ಕೆಳಕ್ಕೆ."

ಮುನಿಶಾಮಮ್ಮ ಎಡಗೈಯನ್ನು ನೆಲಕ್ಕೆ ಊರಿ, ಮಂಡಿ ಮಡಿಸಿ, ಅವರ ಎದುರು ಕೂತಳು. ಸೌಟು ಮುದ್ದೆಯ ಗುಂಡಿಯ ಹತ್ತಿರ ಬಂತು, ಸಾರು ಒಂದು ಹನಿಯೂ ಚೆಲ್ಲದೆ ಒಳಗೆ ಇಳಿಯಿತು.

"ಹ್ಞಾ, ಈಗ ಸರಿಹೋಯ್ತು" ಎಂದು ಮೇಷ್ಟ್ರು ಉಣ್ಣಲು ಶುರುಮಾಡಿದರು.